ಗ್ರಾಮಸಭೆಯಲ್ಲಿ ಒಪ್ಪಿದ ಚರಂಡಿ ಕ್ರಿಯಾ ಯೋಜನೆಯಲ್ಲಿ ಇಲ್ಲ. ಈಗ ಏನು ಮಾಡಬಹುದು?

ಪ್ರಶ್ನೆ: ಕೊನೆಯ ಬೀದಿಯವನು

ಎಲ್ಲರಿಗೂ ನಮಸ್ಕಾರ. ನಮ್ಮದು ಸುಮಾರು ನೂರ ಎಂಬತ್ತು ಮನೆಗಳ ಹಳ್ಳಿ. ಪಂಚಾಯಿತಿ ಕಚೇರಿ ಇರುವುದು ಮೂರು ಕಿಲೋಮೀಟರ್ ಆಚೆಯ ದೊಡ್ಡ ಊರಿನಲ್ಲಿ. ಕಳೆದ ವರ್ಷದ ಗ್ರಾಮಸಭೆಗೆ ನಮ್ಮ ಬೀದಿಯಿಂದ ಹನ್ನೆರಡು ಮಂದಿ ಹೋಗಿ, ಅಂಗನವಾಡಿಯ ಮುಂದಿನಿಂದ ಊರ ಕೊನೆಯವರೆಗಿನ ಚರಂಡಿಯನ್ನು ಹೊಸದಾಗಿ ಕಟ್ಟಿಸಿಕೊಡಬೇಕೆಂದು ಕೇಳಿದ್ದೆವು. ವೇದಿಕೆಯ ಮೇಲಿದ್ದವರು "ಆಗಲಿ, ಮಾಡಿಕೊಡೋಣ" ಎಂದರು, ನಾವೂ ಚಪ್ಪಾಳೆ ತಟ್ಟಿ ಮನೆಗೆ ಬಂದೆವು. ಈ ವರ್ಷ ಪಂಚಾಯಿತಿಯ ಗೋಡೆಗೆ ಅಂಟಿಸಿದ ಕ್ರಿಯಾ ಯೋಜನೆಯಲ್ಲಿ, ಅಂದರೆ ವರ್ಷದ ಕಾಮಗಾರಿ ಪಟ್ಟಿಯಲ್ಲಿ, ನಮ್ಮ ಚರಂಡಿಯ ಹೆಸರೇ ಇಲ್ಲ. ಕೇಳಿದರೆ "ಅನುದಾನ ಸಾಲಲಿಲ್ಲ" ಎಂಬ ಉತ್ತರ ಸಿಕ್ಕಿತು.

ಇದು ಬರೀ ಕೊಳಕಿನ ಮಾತಾಗಿದ್ದರೆ ಸುಮ್ಮನಿರುತ್ತಿದ್ದೆ. ನಲ್ಲಿ ನೀರಿನ ಪೈಪು ಅದೇ ಚರಂಡಿಯೊಳಗೆ ಹಾದುಹೋಗಿದೆ. ಟ್ರ್ಯಾಕ್ಟರ್ ಹರಿದು ಚಪ್ಪಡಿ ಮುರಿದಲ್ಲಿ ಪೈಪಿನ ಜೋಡಣೆಯೊಂದು ಕಣ್ಣಿಗೆ ಕಾಣುತ್ತದೆ. ಅದಕ್ಕೆ ಯಾರೋ ಸೈಕಲ್ ಟ್ಯೂಬು ಸುತ್ತಿದ್ದಾರೆ. ನೀರುಗಂಟಿ ಎರಡು ದಿನಕ್ಕೊಮ್ಮೆ ವಾಲ್ವ್ ತಿರುಗಿಸುತ್ತಾರೆ. ನೀರು ಬಂದ ಮೊದಲ ಐದು ನಿಮಿಷ ವಾಸನೆ ಇರುವುದರಿಂದ, ನಮ್ಮ ಮನೆಯವರು ಮೊದಲ ಎರಡು ಕೊಡವನ್ನು ಅಂಗಳಕ್ಕೆ ಚೆಲ್ಲಿ, ಮೂರನೆಯದನ್ನು ಮೂಸಿ ನೋಡಿ ಒಳಗೆ ತರುತ್ತಾರೆ.

ಗ್ರಾಮಸಭೆಯ ಒಪ್ಪಿಗೆಗೆ ಬೆಲೆಯೇ ಇಲ್ಲವೇ? ಮುಂದಿನ ಹೆಜ್ಜೆ ಏನಿಡಬೇಕು? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ನಿವೃತ್ತ ಕಾರ್ಯದರ್ಶಿ

ಮಾನ್ಯರೇ, ಮೊದಲು ಒಂದು ಪ್ರಶ್ನೆ: ಆ ದಿನದ ನಡಾವಳಿ ಪುಸ್ತಕದಲ್ಲಿ ನಿಮ್ಮ ಬೇಡಿಕೆಯ ಮುಂದೆ ಏನು ಬರೆದಿದೆ ಎಂದು ನೋಡಿದ್ದೀರಾ? ನನ್ನ ಊಹೆ ಸರಿಯಿದ್ದರೆ, ಅಲ್ಲಿ "ಅನುದಾನದ ಲಭ್ಯತೆಗೆ ಅನುಗುಣವಾಗಿ ಪರಿಶೀಲಿಸಲು ತೀರ್ಮಾನಿಸಲಾಯಿತು" ಎಂದಿರುತ್ತದೆ. ಈ ವಾಕ್ಯವನ್ನು ಸೇವೆಯಲ್ಲಿದ್ದಾಗ ನಾನೇ ನೂರಾರು ಸಲ ಬರೆದಿದ್ದೇನೆ, ಸುಳ್ಳು ಹೇಳಲಾರೆ. ಕೇಳಿದವರಿಗೆ ಅದು ಒಪ್ಪಿಗೆಯಂತೆ ಕೇಳಿಸುತ್ತದೆ, ಬರೆದವನಿಗೆ ಅದರಿಂದ ಯಾವ ಹೊಣೆಯೂ ಬರುವುದಿಲ್ಲ. ವೇದಿಕೆಯ ಮೇಲೆ ಆಡಿದ "ಆಗಲಿ" ಎಂಬ ಮಾತು ಪುಸ್ತಕಕ್ಕೆ ಇಳಿಯುವಾಗ ಹೀಗೆ ರೂಪ ಬದಲಿಸುತ್ತದೆ. ಆದ್ದರಿಂದ ಗ್ರಾಮಸಭೆಯ ಒಪ್ಪಿಗೆಗೆ ಬೆಲೆ ಇಲ್ಲವೆಂದಲ್ಲ. ನಿಮ್ಮ ಚರಂಡಿಗೆ ಆ ಒಪ್ಪಿಗೆ ಸಿಕ್ಕಿತ್ತೇ ಎಂಬುದೇ ಇನ್ನೂ ಖಾತ್ರಿಯಿಲ್ಲ.

ಎರಡನೆಯದಾಗಿ, ನೀವು ಸಾಲಿನ ಕೊನೆಯಲ್ಲಿ ಹೋಗಿ ನಿಂತಿದ್ದೀರಿ. 1993ರ ನಮ್ಮ ಪಂಚಾಯತ್ ರಾಜ್ ಕಾಯ್ದೆಯಂತೆ ಬೇಡಿಕೆಗಳು ಕೆಳಗಿನಿಂದ ಮೇಲಕ್ಕೆ ಬರಬೇಕು. ವಾರ್ಡ್ ಸಭೆಯಲ್ಲಿ ಬೇಡಿಕೆ ಹುಟ್ಟಬೇಕು, ಗ್ರಾಮಸಭೆಯಲ್ಲಿ ಅದರ ಆದ್ಯತೆ ನಿಗದಿಯಾಗಬೇಕು, ಆಮೇಲೆ ಪಂಚಾಯಿತಿಯ ಸಭೆ ಅದನ್ನು ಕ್ರಿಯಾ ಯೋಜನೆಗೆ ಸೇರಿಸಬೇಕು. ಎರಡೂ ಸಭೆಗಳು ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕೆಂಬ ನಿಯಮವಿದೆ. ಗ್ರಾಮಸಭೆಗೆ ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಕೋರಂ, ಅಂದರೆ ಕನಿಷ್ಠ ಹಾಜರಿ, ಬೇಕು. ಗ್ರಾಮಸಭೆಯೇನೋ ಹೇಗೋ ಜರುಗುತ್ತದೆ. ವಾರ್ಡ್ ಸಭೆ ಮಾತ್ರ ಎಷ್ಟೋ ಕಡೆ ಕಾಗದದ ಮೇಲಷ್ಟೇ ನಡೆದು, ಹಾಜರಿ ಪುಸ್ತಕ ಮನೆ ಮನೆ ಸುತ್ತಿ ಸಹಿ ಪಡೆದು ಬರುತ್ತದೆ. ಹಾಗೆ ಸಹಿ ಹಾಕಿದವರಲ್ಲಿ ನಿಮ್ಮ ಬೀದಿಯವರೂ ಇರಬಹುದು, ವಿಚಾರಿಸಿ ನೋಡಿ.

"ಅನುದಾನ ಸಾಲಲಿಲ್ಲ" ಎಂಬ ಉತ್ತರವನ್ನು ಹಾಗೆಯೇ ಒಪ್ಪಬೇಡಿ, ಯಾವ ಅನುದಾನ ಎಂದು ಕೇಳಿ. 15ನೇ ಹಣಕಾಸು ಆಯೋಗವು 2021-22ರಿಂದ 2025-26ರವರೆಗೆ ಕೊಟ್ಟ ಹಣದಲ್ಲಿ ಶೇ 60 ನಿರ್ಬಂಧಿತ (ಗೊತ್ತುಮಾಡಿದ ಕೆಲಸಕ್ಕಷ್ಟೇ ಬಳಸಬೇಕಾದದ್ದು), ಶೇ 40 ಅನಿರ್ಬಂಧಿತವಾಗಿತ್ತು. ನಿರ್ಬಂಧಿತ ಪಾಲಿನಲ್ಲಿ ಅರ್ಧ ನೈರ್ಮಲ್ಯಕ್ಕೆ, ಇನ್ನರ್ಧ ಕುಡಿಯುವ ನೀರು ಮತ್ತು ಮಳೆನೀರು ಸಂಗ್ರಹದಂತಹ ಕೆಲಸಗಳಿಗೆ ಮೀಸಲಾಗಿತ್ತು. ರಸ್ತೆಗೆ, ಬಸ್ ತಂಗುದಾಣಕ್ಕೆ ಆ ಹಣ ಮುಟ್ಟುವಂತಿರಲಿಲ್ಲ. ಆದರೆ ಬಚ್ಚಲು ನೀರು, ಅಂದರೆ ಕಡತದ ಭಾಷೆಯ ಬೂದು ನೀರು, ಸಾಗಿಸುವ ವ್ಯವಸ್ಥೆ ನೈರ್ಮಲ್ಯದೊಳಗೆ ಬರುತ್ತದೆ, ಪೈಪು ಸ್ಥಳಾಂತರ ಕುಡಿಯುವ ನೀರಿನೊಳಗೆ ಬರುತ್ತದೆ. ಅರ್ಜಿಯಲ್ಲಿ "ಚರಂಡಿ ಮಾಡಿಸಿಕೊಡಿ" ಎಂದಷ್ಟೇ ಬರೆದರೆ ಅದು ರಸ್ತೆ, ಸೇತುವೆಗಳ ಜೊತೆ ಪೈಪೋಟಿಗೆ ಬೀಳುತ್ತದೆ. "ಬೂದು ನೀರು ನಿರ್ವಹಣೆ ಹಾಗೂ ಚರಂಡಿಯೊಳಗಿನ ಕುಡಿಯುವ ನೀರಿನ ಕೊಳವೆ ಸ್ಥಳಾಂತರ" ಎಂದು ಎರಡು ಕೆಲಸವಾಗಿ ಬರೆಯಿರಿ. ಕಚೇರಿಯಲ್ಲಿ ಕಡತ ಯಾವ ಲೆಕ್ಕಶೀರ್ಷಿಕೆಗೆ ಹೋಗುತ್ತದೆ ಎಂಬುದು ಆ ಒಂದು ಸಾಲಿನ ಮೇಲೆ ನಿಂತಿರುತ್ತದೆ.

ಉತ್ತರ: ಪಂಚಾಯಿತಿ ಸದಸ್ಯೆ, ಎರಡನೇ ಅವಧಿ

ಹಿರಿಯರು ಹೇಳಿದ್ದು ಸರಿ. ಸದಸ್ಯರ ಕಡೆಯಿಂದ ನೋಡಿದರೆ ಕಾಣುವ ಇನ್ನೊಂದು ಸಂಗತಿಯಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ನಮ್ಮ ರಾಜ್ಯದಲ್ಲಿ ಸರಿಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯರಿರುತ್ತಾರೆ. ಹಣ ಬಂದಾಗ ಜಗಳ ಬೇಡವೆಂದು ಅದನ್ನು ಸದಸ್ಯರ ಸಂಖ್ಯೆಯಿಂದ ಭಾಗಿಸಿ, "ನಿಮ್ಮ ವಾರ್ಡಿಗೆ ಇಷ್ಟು" ಎಂದು ಹಂಚಿಕೊಳ್ಳುವ ಪದ್ಧತಿ ಬಹಳ ಕಡೆ ಇದೆ. ಕಾಯ್ದೆಯಲ್ಲಿ ಹೀಗೆ ಎಲ್ಲೂ ಹೇಳಿಲ್ಲ. ನ್ಯಾಯದ ಹಂಚಿಕೆಯಂತೆ ಕಾಣುವ ಈ ಪದ್ಧತಿಯಿಂದಲೇ ಚರಂಡಿಗಳು ಕೆಡುತ್ತಿವೆ ಎಂಬುದು ನನ್ನ ಅನುಭವ. ಒಬ್ಬೊಬ್ಬರ ಪಾಲಿಗೆ ಬಂದ ಹಣದಲ್ಲಿ ಇಪ್ಪತ್ತು ಮೀಟರ್ ಕಾಂಕ್ರೀಟ್ ಆಗುತ್ತದೆ, ಅಷ್ಟಕ್ಕೇ ನಿಲ್ಲುತ್ತದೆ. ಮುಂದಿನ ವರ್ಷ ಬೇರೆ ಬೀದಿಯಲ್ಲಿ ಇನ್ನೊಂದು ತುಂಡು. ಎಲ್ಲಿಂದಲೋ ಶುರುವಾಗಿ ಎಲ್ಲಿಗೂ ಮುಟ್ಟದ ಇಂತಹ ತುಂಡು ಚರಂಡಿಗಳು ನಮ್ಮ ಪಂಚಾಯಿತಿಯಲ್ಲೇ ಆರು ಇವೆ. ಅವುಗಳಲ್ಲಿ ಒಂದನ್ನು ಮಾಡಿಸಿದವಳು ನಾನೇ. ಮಳೆಗಾಲದಲ್ಲಿ ಅದು ತುಂಬಿ ಪಕ್ಕದ ಮನೆಯ ಕೊಟ್ಟಿಗೆಗೆ ನುಗ್ಗಿದಾಗ ಆ ಮನೆಯ ಅಜ್ಜಿ ನನ್ನನ್ನು ಬೈದ ರೀತಿ ಇನ್ನೂ ಕಿವಿಯಲ್ಲಿದೆ.

ಆದ್ದರಿಂದ ನಿಮ್ಮನ್ನು ಕೇಳುವುದೊಂದೇ: ನಿಮ್ಮ ಚರಂಡಿಯ ನೀರು ಕೊನೆಗೆ ಎಲ್ಲಿಗೆ ಹೋಗುತ್ತದೆ? ಇಂಜಿನಿಯರ್ ಅಂದಾಜು ಪಟ್ಟಿ ಮಾಡಲು ಬಂದಾಗ ಮೊದಲು ಕೇಳುವ ಪ್ರಶ್ನೆಯೂ ಇದೇ. ಇದಕ್ಕೆ ಉತ್ತರವಿಲ್ಲದಿದ್ದರೆ ಹಣ ಇದ್ದರೂ ಕೆಲಸ ಮೇಲೇಳುವುದಿಲ್ಲ, ಆಗ ಹೊರಗೆ ಹೇಳಲು ಸುಲಭವಾದ ಕಾರಣ "ಅನುದಾನ ಸಾಲಲಿಲ್ಲ" ಎಂಬುದೇ ಆಗಿರುತ್ತದೆ.

ಉತ್ತರ: ಕೊನೆಯ ಬೀದಿಯವನು

ಮೇಡಂ, ನೀವು ಸರಿಯಾದ ಜಾಗಕ್ಕೇ ಕೈಯಿಟ್ಟಿರಿ. ಚರಂಡಿ ಊರ ಕೊನೆಯಲ್ಲಿ ಒಬ್ಬರ ಹೊಲದ ಬದುವಿನ ಹತ್ತಿರ ಮುಗಿಯುತ್ತದೆ. ಮೊದಲು ನೀರು ಅಲ್ಲೇ ಇಂಗುತ್ತಿತ್ತು. ಮನೆಮನೆಗೆ ನಲ್ಲಿ ಬಂದ ಮೇಲೆ ನೀರಿನ ಬಳಕೆ ಹೆಚ್ಚಾಗಿ, ಈಗ ಹೊಲದ ಒಂದು ಮೂಲೆ ವರ್ಷವಿಡೀ ಜೌಗು. ಆ ಹೊಲದವರು ಕಳೆದ ವರ್ಷ ಚರಂಡಿಯ ಬಾಯಿಗೆ ಮಣ್ಣು ಕಟ್ಟಿದರು. ಅವರನ್ನು ದೂರುವಂತಿಲ್ಲ, ನಮ್ಮ ಹೊಲವಾಗಿದ್ದರೆ ನಾವೂ ಅದನ್ನೇ ಮಾಡುತ್ತಿದ್ದೆವು. ಈ ವಿಷಯವನ್ನು ನಾವು ಗ್ರಾಮಸಭೆಯಲ್ಲಿ ಹೇಳಿರಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಉತ್ತರ: ಕೆರೆ ಏರಿ

ಎಲ್ಲರೂ ಪಂಚಾಯಿತಿಯ ಪರವಾಗಿಯೇ ಯೋಚಿಸುತ್ತಿದ್ದೀರಿ. ನನ್ನ ಸಲಹೆ ನೇರವಾದದ್ದು: ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. 2005ರ ಕಾಯ್ದೆ, ಹತ್ತು ರೂಪಾಯಿ ಶುಲ್ಕ, 30 ದಿನಗಳ ಗಡುವು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದ ಮೀರಬಾರದು. ಇದನ್ನು ಮರೆತರೆ ಆ ಕಾರಣಕ್ಕೇ ಹಿಂದಿರುಗಿಸುತ್ತಾರೆ. ಪಂಚಾಯಿತಿ ಮಟ್ಟದಲ್ಲಿ ಅರ್ಜಿ ಹೋಗುವುದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ, ಅಂದರೆ ಪಿಡಿಒ ಅವರಿಗೆ. ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ. "ಚರಂಡಿ ಯಾಕೆ ಆಗಲಿಲ್ಲ" ಎಂದು ಕೇಳಬೇಡಿ, "ಯಾಕೆ" ಎಂಬುದಕ್ಕೆ ಅಲ್ಲಿ ಉತ್ತರ ಸಿಗುವುದಿಲ್ಲ. ಗ್ರಾಮಸಭೆಯ ನಡಾವಳಿಯ ಪ್ರತಿ, ಅದೇ ವರ್ಷದ ವಾರ್ಡ್ ಸಭೆಯ ಹಾಜರಿ ಪುಟ, ಅನುಮೋದಿತ ಕ್ರಿಯಾ ಯೋಜನೆ, ಈ ಮೂರು ದಾಖಲೆಗಳನ್ನು ಕೇಳಿ. ಕ್ರಿಯಾ ಯೋಜನೆ ಮತ್ತು ಖರ್ಚು ಇ-ಗ್ರಾಮಸ್ವರಾಜ್ ಜಾಲತಾಣದಲ್ಲೂ ಇರುತ್ತದೆ. ಜಿಲ್ಲೆ, ತಾಲ್ಲೂಕು, ಪಂಚಾಯಿತಿ, ವರ್ಷ ಆರಿಸಿದರೆ ಮೊಬೈಲಿನಲ್ಲೇ ಕಾಣುತ್ತದೆ.

ಉತ್ತರ: ಪಂಚಾಯಿತಿ ಸದಸ್ಯೆ, ಎರಡನೇ ಅವಧಿ

ಅರ್ಜಿ ಹಾಕುವುದು ನಿಮ್ಮ ಹಕ್ಕು, ಬೇಡವೆನ್ನುವುದಿಲ್ಲ. ಆದರೆ ಮೊದಲ ಹೆಜ್ಜೆಯೇ ಅದಾಗಬಾರದು. ಊರು ಸಣ್ಣದು. ಅರ್ಜಿ ಬಂದ ಮರುದಿನವೇ ಚರಂಡಿಯ ಮಾತು ಹಿಂದೆ ಸರಿದು "ಅವನು ಯಾರ ಕಡೆಯವನು" ಎಂಬ ಮಾತು ಮುಂದೆ ಬರುತ್ತದೆ. ಮೊದಲು ಕಚೇರಿಗೆ ಹೋಗಿ ನಡಾವಳಿ ಪುಸ್ತಕ ತೋರಿಸಿ ಎಂದು ಬಾಯಲ್ಲೇ ಕೇಳಿ, ತೋರಿಸದಿದ್ದರೆ ಅರ್ಜಿ ಬರೆಯಿರಿ. ಜಮಾಬಂದಿ ಸಾಮಾನ್ಯವಾಗಿ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ನಡೆಯುತ್ತದೆ. ಹಿಂದಿನ ವರ್ಷದ ಲೆಕ್ಕವನ್ನು ಜನರ ಮುಂದಿಟ್ಟು, ಕಾಮಗಾರಿಗಳನ್ನು ಸ್ಥಳದಲ್ಲೇ ತೋರಿಸಬೇಕಾದ ದಿನ ಅದು. ಹತ್ತು ಜನ ಹೋದರೆ ಅರ್ಜಿಯಿಲ್ಲದೆಯೇ ಅರ್ಧ ಉತ್ತರ ಸಿಗುತ್ತದೆ.

ಹೊಲದವರ ವಿಷಯಕ್ಕೆ ಬರೋಣ. ನೀರನ್ನು ಸಾಗಿಸುವ ಯೋಚನೆ ಬಿಟ್ಟು, ಕಡಿಮೆ ಮಾಡುವ ದಾರಿ ನೋಡಿ. ನಮ್ಮ ಒಂದು ಬೀದಿಯಲ್ಲಿ ಹಿತ್ತಲು ಇದ್ದ ಮನೆಗಳೆಲ್ಲ ಉದ್ಯೋಗ ಖಾತರಿಯಲ್ಲಿ ಬಚ್ಚಲು ಗುಂಡಿ ಮಾಡಿಸಿಕೊಂಡವು. ಸ್ನಾನದ, ಪಾತ್ರೆ ತೊಳೆದ ನೀರು ಮನೆಯ ಹಿಂದೆಯೇ ಇಂಗಿ, ಚರಂಡಿಗೆ ಬರುವ ನೀರು ಎಷ್ಟೋ ಇಳಿಯಿತು. ಎರೆ ಮಣ್ಣಿನಲ್ಲಿ ಇದು ಕೈಕೊಡುತ್ತದೆ, ನೀರು ಇಂಗದೆ ಗುಂಡಿ ತುಂಬಿ ನಿಲ್ಲುತ್ತದೆ. ನಿಮ್ಮದು ಯಾವ ಮಣ್ಣು?

ಉತ್ತರ: ಬಿಂದಿಗೆ

ನಾನು ನಮ್ಮ ಹಳ್ಳಿಯಲ್ಲಿ ನೀರು ಪರೀಕ್ಷೆಯ ತರಬೇತಿ ಪಡೆದ ಮಹಿಳೆಯರಲ್ಲಿ ಒಬ್ಬಳು. ಚರಂಡಿ ಆಗುವವರೆಗೆ ನೀವು ಆ ನೀರನ್ನೇ ಕುಡಿಯುತ್ತಿರುತ್ತೀರಲ್ಲ, ಅದಕ್ಕಾಗಿ ಬರೆಯುತ್ತಿದ್ದೇನೆ.

ನೀರು ಬಿಡುವಾಗ ಪೈಪಿನೊಳಗೆ ಒತ್ತಡ ಇರುವುದರಿಂದ ಸೋರುವ ಜೋಡಣೆಯಿಂದ ನೀರು ಹೊರಗೆ ಚಿಮ್ಮುತ್ತದೆ. ವಾಲ್ವ್ ಮುಚ್ಚಿದ ಮೇಲೆ ಪೈಪಿನಲ್ಲಿ ಉಳಿದ ನೀರು ತಗ್ಗಿನ ಮನೆಗಳ ಕಡೆಗೆ ಇಳಿಯುತ್ತದೆ, ಆಗ ಪೈಪು ಒಳಗೆ ಎಳೆದುಕೊಳ್ಳಲು ತೊಡಗುತ್ತದೆ. ಅದೇ ಜೋಡಣೆಯ ಸುತ್ತ ಚರಂಡಿ ನೀರು ನಿಂತಿದ್ದರೆ ಅದೂ ಒಳಗೆ ಹೋಗುತ್ತದೆ. ನಿಮ್ಮ ಮನೆಯವರು ಚೆಲ್ಲುವ ಎರಡು ಕೊಡ ಆ ನೀರೇ. ಮೂರನೆಯ ಕೊಡಕ್ಕೆ ವಾಸನೆ ಇಲ್ಲವೆಂದ ಮಾತ್ರಕ್ಕೆ ಅದು ಶುದ್ಧವೆಂದು ತಿಳಿಯಬೇಡಿ, ರೋಗಾಣುವಿಗೆ ವಾಸನೆ ಇರಬೇಕೆಂದೇನೂ ಇಲ್ಲ.

2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡಬೇಕೆಂದಿದೆ. ನಿಮ್ಮೂರಲ್ಲಿ ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಕಿಟ್ ಯಾರ ಬಳಿ ಇದೆಯೆಂದು ತಿಳಿಯುತ್ತದೆ. ಅದರಲ್ಲಿ ಸಣ್ಣ ಶೀಶೆಯೊಂದಿರುತ್ತದೆ. ಗುರುತಿನವರೆಗೆ ನಲ್ಲಿ ನೀರು ತುಂಬಿಸಿ ಬೆಚ್ಚಗಿನ ಜಾಗದಲ್ಲಿ ಇಡಿ. ಮಲದ ಸೋಂಕು ಇದ್ದರೆ 24ರಿಂದ 48 ಗಂಟೆಯೊಳಗೆ ನೀರು ಕಪ್ಪಾಗುತ್ತದೆ. ನಮ್ಮ ಬೀದಿಯಲ್ಲಿ ಮೊದಲ ಸಲ ಹೀಗೆ ಕಪ್ಪಾದ ಶೀಶೆಯನ್ನು ನಾನು ಏನೂ ಮಾತಾಡದೆ ಪಂಚಾಯಿತಿ ಸಭೆಯ ಮೇಜಿನ ಮೇಲೆ ಇಟ್ಟೆ. ಒಡೆದ ಜೋಡಣೆ ಆ ವಾರವೇ ಬದಲಾಯಿತು. ನಿಮ್ಮ ಜೋಡಣೆ ಸರಿಯಾಗುವವರೆಗೆ ನೀರನ್ನು ಕುದಿಸಿ ಕುಡಿಯಿರಿ, ಅಂಗನವಾಡಿ ಮಕ್ಕಳಿಗೂ ಕುದಿಸಿದ ನೀರನ್ನೇ ಕೊಡುವಂತೆ ಹೇಳಿ.

ಉತ್ತರ: ನಿವೃತ್ತ ಕಾರ್ಯದರ್ಶಿ

ಬಿಂದಿಗೆಯವರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಜೋಡಣೆ ಬದಲಿಸುವುದು ದುರಸ್ತಿ. ಅದಕ್ಕೆ ಕ್ರಿಯಾ ಯೋಜನೆಯವರೆಗೆ ಕಾಯಬೇಕಿಲ್ಲ, ಮನೆ ಕಂದಾಯ ಮತ್ತು ನೀರಿನ ಶುಲ್ಕದಿಂದ ಬರುವ ಪಂಚಾಯಿತಿಯ ಸ್ವಂತ ಹಣದಲ್ಲಿ ಮಾಡಬಹುದು. ಆ ಅರ್ಜಿಯನ್ನು ಬೇರೆಯಾಗಿ ಇಂದೇ ಕೊಟ್ಟು, ನಕಲಿನ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಹೋಗುವ ಮೊದಲು ನಿಮ್ಮ ಬೀದಿಯ ಕಂದಾಯ, ನೀರಿನ ಶುಲ್ಕ ಎಷ್ಟು ಬಾಕಿಯಿದೆ ಎಂದೂ ನೋಡಿಕೊಳ್ಳಿ. ಕಚೇರಿಯಲ್ಲಿ ನಿಮ್ಮ ಅರ್ಜಿಗಿಂತ ಮೊದಲು ಆ ಪುಸ್ತಕವೇ ತೆರೆಯುತ್ತದೆ.

ಹೊಸ ಕಾಮಗಾರಿಗೆ ಕಾಲವೂ ಮುಖ್ಯ. ಮುಂದಿನ ವರ್ಷದ ಯೋಜನೆ ತಯಾರಿಸುವ ಅಭಿಯಾನ ಸಾಮಾನ್ಯವಾಗಿ ಅಕ್ಟೋಬರ್ 2ರಿಂದ ಶುರುವಾಗುತ್ತದೆ. ವಾರ್ಡ್ ಸಭೆಯ ದಿನವನ್ನು ಪಿಡಿಒ ಅವರಿಂದಲೇ ತಿಳಿದುಕೊಳ್ಳಿ. ಸಭೆ ಮುಗಿಯುವ ಮುನ್ನ ನಿಮ್ಮ ಬೇಡಿಕೆಯ ತೀರ್ಮಾನವನ್ನು ಬರೆದಂತೆಯೇ ಗಟ್ಟಿಯಾಗಿ ಓದಿಸಿ. "ಪರಿಶೀಲಿಸಲು" ಎಂದು ಬರೆದಿದ್ದರೆ ಅಲ್ಲಿಯೇ ತಡೆದು, "ಆದ್ಯತೆ ಒಂದರಲ್ಲಿ ಕ್ರಿಯಾ ಯೋಜನೆಗೆ ಸೇರಿಸಲು ಶಿಫಾರಸು ಮಾಡಲಾಯಿತು" ಎಂದು ಬರೆಸಿ. ಸಹಿಗಳು ಅದಾದ ಮೇಲೆ ಬೀಳಲಿ.

ಉತ್ತರ: ಕೊನೆಯ ಬೀದಿಯವನು

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಕಚೇರಿಗೆ ಹೋಗಿದ್ದೆ. ನಡಾವಳಿ ಪುಸ್ತಕವನ್ನು ಕೇಳಿದ ಕೂಡಲೇ ತೋರಿಸಿದರು. ಹಿರಿಯರು ಹೇಳಿದ ವಾಕ್ಯವೇ ಅಲ್ಲಿತ್ತು, "ಅನುಗುಣವಾಗಿ" ಎಂಬ ಪದವೂ ಸೇರಿ. ವಾರ್ಡ್ ಸಭೆಯ ಹಾಜರಿಯಲ್ಲಿ ನನ್ನ ಅಣ್ಣನ ಸಹಿಯೂ ಇತ್ತು. ಮನೆಗೆ ಬಂದು ಕೇಳಿದರೆ, ರೇಷನ್ ವಿಷಯವಿರಬೇಕು ಎಂದುಕೊಂಡು ಹಾಕಿದೆನೆಂದ.

ಮೇಡಂ, ನಮ್ಮದು ಕೆಂಪು ಮಣ್ಣು. ಬೀದಿಯ ಇಪ್ಪತ್ತಾರು ಮನೆಗಳಲ್ಲಿ ಹದಿನೇಳಕ್ಕೆ ಹಿತ್ತಲಿದೆ. ಅವುಗಳಲ್ಲಿ ಹನ್ನೊಂದು ಮನೆಯವರು ಗುಂಡಿಗೆ ಒಪ್ಪಿದ್ದಾರೆ, ಉಳಿದವರು ಇನ್ನೊಬ್ಬರದು ಹೇಗಾಗುತ್ತದೆಂದು ನೋಡಿ ಹೇಳುತ್ತೇವೆ ಎನ್ನುತ್ತಿದ್ದಾರೆ. ಹೊಲದವರ ಹತ್ತಿರವೂ ಮಾತಾಡಿದೆ. ನೀರು ಕಡಿಮೆಯಾಗುವುದು ಕಣ್ಣಿಗೆ ಕಂಡ ಮೇಲೆ ಮಣ್ಣು ತೆಗೆಯುವ ಮಾತು ಎಂದರು. ಜೋಡಣೆಯ ದುರಸ್ತಿಗೆ ಅರ್ಜಿ ಕೊಟ್ಟು ಮೊಹರು ಹಾಕಿಸಿಕೊಂಡಿದ್ದೇನೆ. ನಮ್ಮ ಮನೆಯದೇ ಎರಡು ವರ್ಷದ ಕಂದಾಯ ಬಾಕಿಯಿತ್ತು, ಅದನ್ನೂ ಅಲ್ಲೇ ಕಟ್ಟಿ ರಸೀದಿ ತಂದೆ. ಕಿಟ್ ಆಶಾ ಅಕ್ಕನ ಮನೆಯ ಅಟ್ಟದ ಮೇಲೆ ಇನ್ನೂ ಬಿಚ್ಚದ ಡಬ್ಬಿಯಲ್ಲಿ ಸಿಕ್ಕಿತು. ಇಂದು ಬೆಳಿಗ್ಗೆ ಮೂರನೆಯ ಕೊಡದ ನೀರನ್ನು ಶೀಶೆಗೆ ತುಂಬಿಸಿ ಅಡುಗೆಮನೆಯ ಗೂಡಿನಲ್ಲಿ ಇಟ್ಟಿದ್ದೇವೆ.