ಅಪ್‌ಡೇಟ್: ಮಳೆಗಾಲದಲ್ಲೂ ಬಾತ್ ಬಾಂಬ್ ಉಬ್ಬುತ್ತಿಲ್ಲ

ತೀರ್ಥಹಳ್ಳಿಯ ಜುಲೈ ಮಳೆಯಲ್ಲಿ ಮಕ್ಕಳು ಮಾಡುವ ಬಾತ್ ಬಾಂಬ್ (ಸ್ನಾನದ ನೀರಿಗೆ ಹಾಕಿದರೆ ನೊರೆಯೇಳುವ ಉಂಡೆ) ರಾತ್ರಿ ಕಳೆಯುವುದರೊಳಗೆ ಉಬ್ಬಿ ಬಿರುಕು ಬಿಡುತ್ತದೆ, ಯಾಕೆ ಎಂದು ಹಿಂದೆ ಇಲ್ಲಿ ಕೇಳಿದ್ದೆ. ಉತ್ತರ ಕೊಟ್ಟ ನೀವು ಹೇಳಿದ್ದೇ ಸರಿ, ನೀರಿನದೇ ತಪ್ಪು. ಉಂಡೆ ಕಟ್ಟಲು ಚಿಮುಕಿಸಿದ ನೀರಿನ ಜೊತೆಗೆ ಗಾಳಿಯ ತೇವವೂ ಸೇರಿ ಸೋಡಾ, ಸಿಟ್ರಿಕ್ ಆಸಿಡ್ ಅಚ್ಚಿನೊಳಗೇ ನೊರೆಗಟ್ಟುತ್ತಿದ್ದವು. ಬಕೆಟ್ಟಿಗೆ ಹಾಕುವ ಹೊತ್ತಿಗೆ ಗುಳ್ಳೆಯೇ ಏಳುತ್ತಿರಲಿಲ್ಲ.

ಈಗಿನ ಅಳತೆ: ಅಡುಗೆ ಸೋಡಾ 200 ಗ್ರಾಂ, ಸಿಟ್ರಿಕ್ ಆಸಿಡ್ 100 ಗ್ರಾಂ, ಕಾರ್ನ್‌ಫ್ಲೋರ್ 50 ಗ್ರಾಂ, ಕೊಬ್ಬರಿ ಎಣ್ಣೆ 1 ದೊಡ್ಡ ಚಮಚ, ಕರಗಿಸಿದ ಮುರುಗಲು ತುಪ್ಪ (ಕೋಕಂ ಬೀಜದ ಕೊಬ್ಬು) 1 ದೊಡ್ಡ ಚಮಚ. ಒಂದು ಹನಿ ನೀರೂ ಬೇಡ. ಮುರುಗಲು ತುಪ್ಪ ಕರಗಲು 40 ಡಿಗ್ರಿ ಹತ್ತಿರದ ಬಿಸಿ ಬೇಕು, ಹಾಗಾಗಿ ಉಂಡೆ ಗಟ್ಟಿಯಾಗಿ ನಿಲ್ಲುತ್ತದೆ. ಮುಷ್ಟಿಯಲ್ಲಿ ಹಿಂಡಿದರೆ ಹಸಿ ಮರಳಿನ ಹಾಗೆ ಆಕಾರ ಹಿಡಿಯಬೇಕು. ಉದುರಿದರೆ ಅರ್ಧ ಚಮಚ ಎಣ್ಣೆ ಸೇರಿಸಿ. ಆಮೇಲೆ ಉಂಡೆ ಇಡಲು ಬಿಗಿ ಮುಚ್ಚಳದ ಡಬ್ಬಿ, ತೇವ ಹೀರಲು ತಳದಲ್ಲಿ ಹುರಿದು ಆರಿಸಿದ ಅಕ್ಕಿಯ ಗಂಟು.

ಬೆರಳಲ್ಲಿ ಗಾಯವಿದ್ದ ಮಕ್ಕಳಿಗೆ ಆಸಿಡ್ ಪುಡಿ ಕೊಡಬೇಡಿ, ತುಂಬಾ ಉರಿಯುತ್ತದೆ. ಅವರಿಗೆ ಅರಿಸಿನದ ನೀರಿನ ಆಟ ತೋರಿಸಿ: ಸೋಡಾ ಬಿದ್ದರೆ ಕೆಂಪಗಾಗುತ್ತದೆ, ನಿಂಬೆರಸ ನೀವು ಹಿಂಡಿದರೆ ಮತ್ತೆ ಹಳದಿ. ಉಂಡೆ ಕರಗಿದ ಮೇಲೆ ಬಚ್ಚಲ ಕಲ್ಲಿನ ಮೇಲೆ ಎಣ್ಣೆ ಉಳಿಯುತ್ತದೆ, ಸೀಗೆಪುಡಿ ಹಾಕಿ ತಿಕ್ಕಿ.