ಪ್ರಣಯದ ದೃಶ್ಯಗಳೆಲ್ಲ ಒಂದೇ ಥರ ಆಗ್ತಿವೆ, ಏನು ಮಾಡೋದು?

ಮಸಿಕುಡಿಕೆ: ಕಾದಂಬರಿಯಲ್ಲಿ ಎರಡು ಜೋಡಿ. ನಲವತ್ತು ದಾಟಿದ ಟೈಲರ್ ಸರೋಜ ಮತ್ತವಳ ಗಂಡ; ಹೊಸದಾಗಿ ಮದುವೆಯಾದ ಕನ್ನಡ ಮೇಷ್ಟ್ರು ಮತ್ತವನ ಹೆಂಡತಿ. ಹೆಸರು ಅದಲುಬದಲು ಮಾಡಿದ್ರೂ ದೃಶ್ಯಕ್ಕೇನೂ ಆಗಲ್ಲ. ಎರಡರಲ್ಲೂ ಅದೇ ಬಿಸಿಯುಸಿರು, ಅದೇ ನಡುಗುವ ತುಟಿ.

ಕಾಜಾಗುಂಡಿ: ಸರೋಜಳ ಕಣ್ಣು ಮೊದಲು ಹೋಗೋದು ಬಟ್ಟೆ ಮೇಲೆ. ಹೀಗೆ ಬರೆದು ನೋಡಿ: "ಅಂಗಿಯ ಎರಡನೇ ಗುಂಡಿ ಬೇರೆ ಬಣ್ಣದ ದಾರದಲ್ಲಿತ್ತು. ತಾನು ಹಾಕಿದ್ದಲ್ಲ. ಕೇಳೋಣ ಅಂದುಕೊಂಡಳು, ಅಷ್ಟರಲ್ಲಿ ಅವನ ಕೈ ಬೆನ್ನಿಗೆ ಬಂದಿತ್ತು." ಇಂಥದ್ದು ಒಂದೋ ಎರಡೋ ಸಾಕು. ಮೂರನೆಯದಕ್ಕೆ ಹೊಲಿಗೆ ಅಂಗಡಿಯ ಪಟ್ಟಿ ಆಗಿಬಿಡುತ್ತೆ.

ಗಿರಿಜಾ ಕೆ: ಕಸುಬು ಒಂದೇ ಸಾಲದು. ಆ ದಾರ ನೋಡಿ ಅವಳಿಗೆ ಅನುಮಾನವೋ, ಬೇಜಾರೋ, ನಗುವೋ? ಅದು ಗೊತ್ತಾಗದಿದ್ದರೆ ಗುಂಡಿ ಬರೀ ಅಲಂಕಾರ. ಇನ್ನು ಮೈಯ ವಿಷಯ. ನಾಟ್ಯಶಾಸ್ತ್ರ ಎಂಟು ಸಾತ್ತ್ವಿಕ ಭಾವ ಹೇಳುತ್ತೆ, ಅಂದ್ರೆ ಮನಸ್ಸು ಕಲಕಿದಾಗ ಮೈಯಲ್ಲಿ ತಾನಾಗಿ ಕಾಣೋ ಗುರುತುಗಳು. ನಮ್ಮವರು ರೋಮಾಂಚ, ನಡುಕ ಎರಡನ್ನೇ ಸವೆಸ್ತಾರೆ. ಸ್ವರಭೇದ, ಅಂದ್ರೆ ದನಿ ಒಡೆಯೋದು, ಇದೆಯಲ್ಲ! ಮೇಷ್ಟ್ರು ದಿನವಿಡೀ ತರಗತಿಯಲ್ಲಿ ಗಟ್ಟಿಯಾಗಿ ಮಾತಾಡೋನು. ಪಕ್ಕದ ಕೋಣೆಯಲ್ಲಿ ಅಮ್ಮ ಕೆಮ್ಮುತ್ತಿದ್ದಾಗ ಪಿಸುಮಾತಾಡೋಕೆ ಹೋಗಿ ಗಂಟಲು ಕೈಕೊಡಲಿ. ಅವನ ದೃಶ್ಯ ಪೂರ್ತಿ ಕಿವಿಯಲ್ಲೇ ನಡೀಬಹುದು: ಚಿಲಕ, ಮಂಚದ ಕಿರುಗುಟ್ಟು, ಅಮ್ಮ ಮಗ್ಗುಲು ಬದಲಿಸಿದ್ದು.

ಅಡ್ಡಗೆರೆ: ಪರೀಕ್ಷೆ ಮಾಡೋಕೆ ಹೆಸರು ತೆಗೆದರೆ ಸಾಲದು. ಬಂದಳು, ಬಂದನು ಅಂತ ಕ್ರಿಯಾಪದವೇ ಗುಟ್ಟು ಬಿಟ್ಟುಕೊಡುತ್ತೆ. ಎರಡೂ ದೃಶ್ಯವನ್ನ "ನಾನು" ಅಂತ ತಿರುಗಿಸಿ ಬರೀರಿ. ಆಗಲೂ ಯಾರದ್ದು ಅಂತ ಗೊತ್ತಾದ್ರೆ ಸರಿ. ನೋಟ ಜಾರಿದ ಕಡೆಯೂ ಸಿಕ್ಕಿಬೀಳುತ್ತೆ: "ನನ್ನ ಕೆನ್ನೆ ಕೆಂಪಾಯಿತು" ಅಂತ ಬಂದ್ರೆ, ಕನ್ನಡಿಯಿಲ್ಲದೆ ನೋಡಿದ್ದು ಯಾರು? ಅವಳಿಗೆ ಗೊತ್ತಾಗೋದು ಕಿವಿ ಬಿಸಿಯಾದದ್ದು ಮಾತ್ರ. ತಿದ್ದಿದ ಮೇಲೆ ಮತ್ತೆ ಪ್ರಥಮ ಪುರುಷಕ್ಕೆ, ಅಂದ್ರೆ "ಅವಳು", "ಅವನು" ಅನ್ನೋದಕ್ಕೆ, ತನ್ನಿ.

ಮಸಿಕುಡಿಕೆ: ಮೇಷ್ಟ್ರ ದೃಶ್ಯದಲ್ಲಿ "ಅಧರ", "ಆಲಿಂಗನ" ಇಟ್ಟಿದ್ದೀನಿ. ತೆಗೀಬೇಕಾ?

ಗಿರಿಜಾ ಕೆ: ಅವನ ತಲೆಯೊಳಗೆ ಇರಲಿ, ಹಳಗನ್ನಡ ಓದಿದವನು. ಹೆಂಡತಿಗೆ ಬಾಯಿಬಿಟ್ಟು ಹೇಳಿದ್ರೆ ಅವಳು ನಗಬೇಕು, ಅಷ್ಟೇ. ಸರೋಜಳ ಭಾಗದಲ್ಲಿದ್ರೆ ಮಾತ್ರ ಇವತ್ತೇ ಅಳಿಸಿ.