ಏಡಿ ಜಾತ್ರೆಯಲ್ಲ, ಹುಳಿಸೇಬಿನ ಜಾತ್ರೆ: 'ಗರ್ನಿಂಗ್'ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಎರಡು ಪುಟದ ಅನುವಾದವೊಂದು ಕೈಲಿದೆ. ಇಂಗ್ಲೆಂಡಿನ ಕಂಬ್ರಿಯಾದಲ್ಲಿ ಎಗ್ರೆಮಾಂಟ್ ಅಂತ ಒಂದು ಸಣ್ಣ ಊರು. ಅಲ್ಲಿ ಸೆಪ್ಟೆಂಬರ್ ಮೂರನೇ ಶನಿವಾರ ನಡೆಯುವ 'ಕ್ರ್ಯಾಬ್ ಫೇರ್' ಬಗ್ಗೆ, ಅದರಲ್ಲಿ ನಡೆಯುವ 'ಗರ್ನಿಂಗ್' ಅನ್ನುವ ಮುಖ ವಿಕಾರ ಮಾಡುವ ಪಂದ್ಯದ ಬಗ್ಗೆ ಬರಹ. ಕರಡಿನಲ್ಲಿ ನಾನು ಜಂಬದಿಂದ 'ಏಡಿ ಜಾತ್ರೆ' ಅಂತ ತಲೆಬರಹ ಕೊಟ್ಟೆ. ಕಡಲೂ ಅಲ್ಲಿಗೆ ದೂರವಿಲ್ಲ, ಸರಿಯಾಗೇ ಇದೆ ಅನ್ನಿಸಿತು. ಮುಂದಿನ ಪ್ಯಾರಾದಲ್ಲಿ ಗಾಡಿ ಮೇಲಿಂದ ಜನರತ್ತ ಕ್ರ್ಯಾಬ್ ಎಸೆಯುತ್ತಾರೆ ಅಂತ ಬಂತು. ಏಡಿ ಎಸೆದರೆ ಯಾರು ನಿಲ್ತಾರೆ ಅಲ್ಲಿ? ಆಗ ನಿಘಂಟು ತೆಗೆದೆ. ಆ ಕ್ರ್ಯಾಬ್ ಬೇರೆಯೇ. ಅಂಗೈಯಲ್ಲಿ ನಾಲ್ಕೈದು ಹಿಡಿಸುವಂಥ, ಕಚ್ಚಿದರೆ ಹಲ್ಲು ಜುಮ್ಮೆನ್ನುವ ಕಾಡು ಸೇಬು. ನಾನು 'ಹುಳಿಸೇಬು' ಅಂತ ಹಾಕಿದ್ದೇನೆ. 'ಕಾಡುಸೇಬು' ಅಂದರೆ ಹುಳಿ ಹೋಗಿಬಿಡುತ್ತೆ, ಇಲ್ಲಿ ಹುಳಿಯೇ ಮುಖ್ಯ.

'ಫೇರ್'ಗೆ ಏನು? 1267ರಲ್ಲಿ ಮೂರನೇ ಹೆನ್ರಿ ದೊರೆ ಕೊಟ್ಟ ಸನ್ನದಿನಲ್ಲಿ ವಾರದ ಮಾರುಕಟ್ಟೆಯೂ ಇದೆ, ವರ್ಷಕ್ಕೊಮ್ಮೆಯ ಫೇರೂ ಇದೆ. ಮೊದಲನೆಯದು ಸಲೀಸಾಗಿ ಸಂತೆ. ಎರಡನೆಯದನ್ನೂ ಸಂತೆ ಅಂದರೆ ಗೊಂದಲ. 'ಫೇರ್' ಹುಟ್ಟಿದ್ದು ಲ್ಯಾಟಿನ್ನಿನ 'ಫೇರಿಯಾ'ದಿಂದ, ಅಂದರೆ ಹಬ್ಬದ ದಿನ. ಹಾಗಾಗಿ ಜಾತ್ರೆಯೇ ಸರಿ ಅನ್ನಿಸುತ್ತೆ. ನಮ್ಮ ಬಸವನಗುಡಿಯ ಕಡಲೆಕಾಯಿ ಪರಿಷೆಯ ಹಾಗೆ 'ಹುಳಿಸೇಬಿನ ಪರಿಷೆ' ಅನ್ನೋ ಆಸೆ ನನಗೆ. ಆದರೆ ಧಾರವಾಡ, ಕಲಬುರಗಿ ಕಡೆಯವರ ಕಿವಿಗೆ ಅದು ಹೇಗೆ ಕೇಳುತ್ತೆ?

ಸೇಬಿನ ಗಾಡಿಯ ಮೆರವಣಿಗೆಗೆ 'ತೇರು' ಅನ್ನೋಕೆ ಹೊರಟಿದ್ದೆ. ಮನೆಯಲ್ಲಿ ನನ್ನ ಅತ್ತೆ ತಡೆದರು. "ತೇರಿಗೆ ನಾವು ಹಣ್ಣು ಜವನ ಎಸೀತೀವಿ, ತೇರು ನಮ್ಮ ಮೇಲೆ ಎಸೆಯುತ್ತಾ?" ಅಂದರು. ಅಲ್ವಾ! ಅಲ್ಲಿ ಎಲ್ಲ ಉಲ್ಟಾ. ಹಿಂದೆ ಊರಿನ ಒಡೆಯ ಜನಕ್ಕೆ ಹಣ್ಣು ಹಂಚುತ್ತಿದ್ದ ನೆನಪಿಗೆ ಈ ಆಚರಣೆ ಅಂತ ಅಲ್ಲಿನವರ ಮಾತು. ಈಗ ಎಸೆಯುವುದು ತಿನ್ನಬಹುದಾದ ಸಿಹಿ ಸೇಬು. ಸುಮ್ನೆ 'ಸೇಬಿನ ಬಂಡಿ' ಅಂತ ಬಿಟ್ಟೆ. ಗ್ರೀಸ್ ಸವರಿದ ಕಂಬ ಹತ್ತುವ ಪಂದ್ಯಕ್ಕಂತೂ ತಲೆ ಕೆಡಿಸಿಕೊಳ್ಳಲೇ ಇಲ್ಲ. 'ಜಾರುಗಂಬ' ನಮ್ಮಲ್ಲೇ ಇದೆ.

ನಿಜವಾಗಿ ಸಿಕ್ಕಿಹಾಕಿಕೊಂಡಿರುವುದು 'ಗರ್ನಿಂಗ್' ಹತ್ತಿರ. ಕುದುರೆಯ ಕೊರಳಿಗೆ ಹಾಕುವ ದಪ್ಪನೆಯ ಮೆತ್ತೆಯ ಬಳೆಯೊಳಗೆ ತಲೆ ತೂರಿಸಿ, ಮುಖವನ್ನು ಆದಷ್ಟು ವಿಕಾರ ಮಾಡಬೇಕು. ಕೆಳತುಟಿ ಮೂಗನ್ನು ನುಂಗುವ ಹಾಗೆ ಮೇಲೇರುತ್ತೆ, ಗಲ್ಲ ಮಾಯ, ಕಣ್ಣು ಒಂದೊಂದು ದಿಕ್ಕಿಗೆ. ಮೊದಲಿದ್ದ ಮುಖಕ್ಕೂ ಮಾಡಿಕೊಂಡ ಮುಖಕ್ಕೂ ಯಾರದ್ದು ಜಾಸ್ತಿ ವ್ಯತ್ಯಾಸವೋ ಅವರು ಗೆದ್ದಂತೆ. ಇದು ವಿಶ್ವ ಚಾಂಪಿಯನ್‌ಶಿಪ್ಪೂ ಹೌದು! ಪೀಟರ್ ಜಾಕ್‌ಮನ್ ಅನ್ನುವ ಚಾಂಪಿಯನ್ ಇದಕ್ಕಾಗಿಯೇ ಹಲ್ಲು ಕೀಳಿಸಿಕೊಂಡಿದ್ದ.

'ಅಣಕಿಸು' ಸರಿಹೋಗಲ್ಲ, ಅದಕ್ಕೆ ಎದುರಿಗೆ ಒಬ್ಬ ಬೇಕು. 'ಮೂತಿ ತಿರುವು' ಅಂದರೆ ಮುನಿಸು. 'ಹಲ್ಲುಕಿರಿ' ಅರ್ಧ ದಾರಿಗೆ ನಿಲ್ಲುತ್ತೆ. ತಮಾಷೆ ಅಂದರೆ 'ಗರ್ನ್' ಹುಟ್ಟಿದ್ದೇ ಹಲ್ಲುಕಿರಿಯುವ 'ಗ್ರಿನ್'ನಿಂದ. ನಾವು 'ಡೆಸ್ಕ್' ಅನ್ನು 'ಡೆಕ್ಸ್' ಮಾಡಿದ ಹಾಗೆ ಅವರೂ ಅಕ್ಷರ ಅದಲುಬದಲು ಮಾಡಿದ್ದಾರೆ.

ನನಗೆ ಒಗ್ಗಿದ್ದು 'ಮುಖ ಕಿವುಚು'. ಹುಣಸೆಹಣ್ಣನ್ನೂ ಕಿವುಚುತ್ತೇವೆ, ಅದನ್ನು ತಿಂದು ಮುಖವನ್ನೂ ಕಿವುಚುತ್ತೇವೆ. ಹುಳಿಸೇಬು ಕಚ್ಚಿದವರ ಮುಖ ನೋಡಿಯೇ ಈ ಆಟ ಶುರುವಾಯಿತು ಅನ್ನುವ ಕಥೆಯೂ ಇದೆ, ಅದಕ್ಕೂ ಹೊಂದುತ್ತೆ. ಆದರೆ ಪಂದ್ಯದ ಹೆಸರಾಗಿ 'ಮುಖ ಕಿವುಚುವ ಸ್ಪರ್ಧೆ' ಸಪ್ಪೆ. 'ಸೊಟ್ಟಮೂತಿ ಪಂದ್ಯ' ಅನ್ನಬಹುದಾ? ಅಥವಾ ನಿಮ್ಮ ಕಡೆ ಮಕ್ಕಳು ಇದಕ್ಕೆ ಬೇರೆ ಏನಾದರೂ ಅಂತಾರಾ?

ಇನ್ನೊಂದು. ಆ ಕೊರಳಿನ ಬಳೆಗೆ ಅಲ್ಲಿನವರು 'ಬ್ರಾಫಿನ್' ಅನ್ನುತ್ತಾರೆ. 'ನೊಗ' ಎತ್ತಿನದು, ಮರದ್ದು, ಇದಕ್ಕೆ ಆಗಲ್ಲ. ಮೈಸೂರಿನ ಟಾಂಗಾದವರ ಪರಿಚಯ ಇರೋರು ದಯವಿಟ್ಟು ಕೇಳಿ ಹೇಳಿ, ಕುದುರೆಯ ಕೊರಳ ಸಾಮಾನಿಗೆ ಅವರು ಏನಂತಾರೆ? ಶುಕ್ರವಾರ ಬರಹ ಕಳಿಸಬೇಕು.